ತೂಕದ ಚೀಟಿ

ಮಂಡಕ್ಕಿ ಭಟ್ಟಿಯ ಹೊಗೆ ಇಳಿಯುವ ಹೊತ್ತಿಗೆ
ತಿಪ್ಪೇಶನ ಅಂಗಡಿ ಬೆಂಚಿನ ಮೇಲೆ ದಿನಾ ಇದೇ ತಕರಾರು:
ಉಚ್ಚೆಂಗೆಪ್ಪನ ಬಲಗೈ ಗುದ್ದು ಎಷ್ಟು ಕಿಲೋ?
ಕ್ವಿಂಟಲ್ ಅಂತಾನೆ ಒಬ್ಬ.
ಒಂದೇ ಏಟಿಗೆ ಹೋರಿ ಮಲಗಿತ್ತಂತೆ, ಅಂತಾನೆ ಇನ್ನೊಬ್ಬ.
ಹೋರಿಯನ್ನು ಕಂಡವರು ಯಾರೂ ಇಲ್ಲ,
ಅದರ ಬಣ್ಣ ಮಾತ್ರ ಎಲ್ಲರಿಗೂ ಗೊತ್ತು.

ಆಮೇಲೆ ನನ್ನ ಕಡೆ ತಿರುಗುತ್ತಾರೆ:
ದಾದಾಪೀರಣ್ಣ, ತಿಂದವನು ನೀನು, ನೀನೇ ಹೇಳು.

ತಿಂದವನು. ಸರಿ.
ಎಂಬತ್ಮೂರರ ಮಾರ್ಚಿ, ಹೈಸ್ಕೂಲ್ ಮೈದಾನ,
ಲಾರಿಯ ತಾಡಪಾಲು ಹಾಸಿದ ರಿಂಗು,
ಹತ್ತಿ ಮಿಲ್ಲಿನಿಂದ ಕೇಳಿ ತಂದ ಹಗ್ಗ.
ಅವನು ಮಿಲಿಟರಿಯಿಂದ ರಜಕ್ಕೆ ಬಂದ ತೊಂಬತ್ತಾರು ಕಿಲೋ.
ಎರಡನೇ ರೌಂಡಿಗೆ ಮಲಗಿದೆ.
ಕಣ್ಣು ಬಿಟ್ಟಾಗ ಕೇಳಿಸಿದ್ದು ಅವನ ಹೆಸರು,
ನನ್ನದು ನೆನಪಿಗೆ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕಾಯ್ತು.

ಈಗ ನನ್ನ ಕೆಲಸವೇ ತೂಕ.
ಎಪಿಎಂಸಿ ಗೇಟಿನ ಪಕ್ಕ ವೇಬ್ರಿಜ್ಜಿನ ಗೂಡು.
ಮೆಕ್ಕೆಜೋಳದ ಲಾರಿ ಹತ್ತುತ್ತದೆ, ಇಳಿಯುತ್ತದೆ,
ಒಟ್ಟು ತೂಕ, ಖಾಲಿ ತೂಕ, ಕಳೆದು ಉಳಿದದ್ದು ಮಾಲು.
ಹಂಗೇ ಕಳೆದು ನೋಡಿದ್ದೇನೆ ಅವನನ್ನೂ,
ಲಾರಿ ಬಾರದ ಮಧ್ಯಾಹ್ನಗಳಲ್ಲಿ.

ಮಲಗಿಸಿದ್ದು ಹತ್ತೊಂಬತ್ತು ಜನರನ್ನ. ಒಪ್ಪಿದೆ.
ಅದರಲ್ಲಿ ನಾಲ್ವರು ರಿಂಗಿಗೇ ಬರಲಿಲ್ಲ;
ಬಾರದವರನ್ನೂ ಊರೇ ಮಲಗಿಸಿಕೊಂಡಿತು.
ಇಬ್ಬರು ಪೊಲೀಸ್ ಮೆಸ್ಸಿನ ಅಡುಗೆಯವರು,
ಹೆವಿವೇಟಿಗೆ ಜನ ಸಿಗದೆ ಹೊಟ್ಟೆ ನೋಡಿ ಆರಿಸಿದ್ದು.
ಒಬ್ಬನ ಕಾಲು ತಾಡಪಾಲಿನ ಮಡಿಕೆಗೆ ಸಿಕ್ಕಿತ್ತು.
ಇನ್ನು ನಾನು: ಮೂರು ಕಿಲೋ ಕಮ್ಮಿ ಬಿದ್ದು
ಒಂದು ಚಿಪ್ಪು ಬಾಳೆಹಣ್ಣು, ಎರಡು ತಂಬಿಗೆ ನೀರು
ಒಳಗಿಳಿಸಿ ತಕ್ಕಡಿ ಹತ್ತಿದವನು.
ನಾನು ತಿರುಗುವ ಮೊದಲೇ
ಹೊಟ್ಟೆಯ ನೀರು ತಿರುಗುತ್ತಿತ್ತು.

ಜೊತೆಗೆ ಆ ಹೋರಿ.
ಗಂಟೆ ಹೊಡೆಯುವ ಮುಂಚೆಯೇ ಬಂದು
ನನ್ನ ಮೊಣಕಾಲ ಮೇಲೆ ಕೂತಿತ್ತು.

ಇಷ್ಟನ್ನೂ ಕಳೆದರೆ ಬಲಗೈಯಲ್ಲಿ ಉಳಿಯೋದು
ಒಂದು ಸೇರು ಮಂಡಕ್ಕಿ.

ಬೆಂಚಿನ ಮುಂದೆ ಇದನ್ನು ಹೇಳಿದ್ದಿಲ್ಲ.
ಹೇಳಿದರೆ, ನಾನು ಏನಕ್ಕೆ ಬಿದ್ದವನಾಗುತ್ತೇನೆ?
ತಿಪ್ಪೇಶ ನನ್ನ ಚಹಾಕ್ಕೆ ದುಡ್ಡು ತಗೊಳ್ಳೋದಿಲ್ಲ.

ಹೋದ ಮಂಗಳವಾರ ಅವನೇ ಬಂದ,
ಅಳಿಯನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು.
ಚೀಟಿ ಹರಿದು ಕೊಟ್ಟೆ. ಮಡಚಲಿಲ್ಲ, ಹೋಗಲೂ ಇಲ್ಲ.
"ಲೇ ದಾದಾ, ಖರೆ ಹೇಳು. ಅಷ್ಟು ಜೋರಿತ್ತೇನಲೇ?"
ಈ ಪ್ರಶ್ನೆ ಅವನೊಳಗೂ ಇದ್ದೀತೆಂದು
ನಲವತ್ತು ಚಿಲ್ಲರೆ ವರ್ಷ ನನಗೆ ಹೊಳೆದಿರಲಿಲ್ಲ.

"ಬಲಗೈ ಅಷ್ಟೇನಿಲ್ಲ" ಅಂದೆ.
ನಕ್ಕ. ಟ್ರಾಲಿ ಖಾಲಿ ಮಾಡಿದ ಹಾಗೆ ನಕ್ಕ.
"ಬಲಗೈ ಊರಿಗೆ ತೋರ್ಸೋಕೆ ಕಣೋ.
ನೀನೂ ಅದನ್ನೇ ನೋಡ್ತಾ ನಿಂತಿದ್ದೆ,
ಮಿರ್ಚಿ ಬಾಣಲೆ ಮುಂದೆ ನಿಂತ ಹುಡುಗನಂಗೆ.
ನಿನಗೆ ಬಿದ್ದದ್ದು ಯಾವ ಕಡೆ? ಮುಟ್ಟಿ ನೋಡ್ಕೋ."

ಮುಟ್ಟಬೇಕಾಗಿರಲಿಲ್ಲ.
ಮಿರ್ಚಿ ಕಡಿದಾಗಲೆಲ್ಲ ಟಿಕ್ ಅನ್ನೋದು ಬಲದವಡೆ.
ಎದುರಿಗೆ ನಿಂತವನ ಬಲಗೈ ಅಲ್ಲಿಗೆ ಹೆಂಗೆ ಬಂದೀತು?
ದಿನಕ್ಕೆ ನೂರು ಲಾರಿಯ ಲೆಕ್ಕ ಬರೆಯುವ ನಾನು
ಇದೊಂದು ಎಡ-ಬಲ ಕೂಡಿಸಿ ನೋಡಿರಲಿಲ್ಲ.
ಊರೆಲ್ಲ ತಪ್ಪು ಕೈಯನ್ನು ತೂಗುತ್ತಿತ್ತು,
ನಾನು ಅದೇ ತಪ್ಪು ಕೈಯಿಂದ ಕಳೆಯುತ್ತಿದ್ದೆ.

ಟ್ರ್ಯಾಕ್ಟರ್ ಇಳಿದ ಮೇಲೆ
ತಗಡಿನ ಮೇಲೆ ಅವನೊಬ್ಬನೇ ಹೋಗಿ ನಿಂತ.
ಕೆಂಪು ಅಂಕಿ ಎಪ್ಪತ್ತು ಅಂತು.
ಹತ್ತು ಕಿಲೋಕ್ಕಿಂತ ಸಣ್ಣದು ಈ ಯಂತ್ರಕ್ಕೆ ಕಾಣೋದಿಲ್ಲ.
ಕೆಳಗಿಳಿದ, ಸೊಂಟ ಹಿಡಕೊಂಡು ಬಗ್ಗಿದ,
ಬಲಮುಷ್ಟಿ ಕಟ್ಟಿ ತಗಡಿಗೆ ಒಂದು ಬಿಟ್ಟ.
ಸೊನ್ನೆ.
ಗೂಡಿನ ಕಡೆ ನೋಡಿ ಹುಬ್ಬು ಹಾರಿಸಿದ.

ಎಡಗೈಯದೂ ನೋಡೋಣ ಅಂತ ನಾನು ಕೇಳಲಿಲ್ಲ.
ಅದು ಪಂಚೆಯ ಚುಂಗು ಹಿಡಿದುಕೊಂಡು ಸುಮ್ಮನಿತ್ತು,
ಆವತ್ತಿನ ಹಾಗೇ,
ಯಾರೂ ನೋಡದ ಕಡೆ.